ಅಮೆರಿಕದ ಶಾಲೆಯಲ್ಲಿ ಉಚಿತ ಊಟಕ್ಕೆ ಅರ್ಜಿ ಹಾಕಿದರೆ ಬೇರೆ ಮಕ್ಕಳಿಗೆ ಗೊತ್ತಾಗುತ್ತದೆಯೇ?

ಕೆಲಸ ಹೋಗಿದೆ, ಮಗನ ಶಾಲೆಯಿಂದ ಊಟದ ಫಾರ್ಮ್ ಬಂದಿದೆ, ಆದರೆ ಆದಾಯ ಬರೆಯಲು ಮುಜುಗರ ಎಂದಿದ್ದೀರಿ. ಆ ಮುಜುಗರ ನನಗೆ ಗೊತ್ತು. ನಮ್ಮ ಮನೆಯಲ್ಲೂ ಆ ಫಾರ್ಮ್ ಎರಡು ವಾರ ಫ್ರಿಜ್ ಮೇಲೇ ಇತ್ತು. ದಯವಿಟ್ಟು ತುಂಬಿ ಕೊಡಿ.

ಯಾವ ಮಗು ಉಚಿತವಾಗಿ ಉಣ್ಣುತ್ತದೆ ಎಂದು ಎದ್ದು ಕಾಣುವಂತೆ ಮಾಡಲು ಶಾಲೆಗೆ ಅವಕಾಶವೇ ಇಲ್ಲ. ಬೇರೆ ಸಾಲು, ಬೇರೆ ಬಣ್ಣದ ಟೋಕನ್, ಬೇರೆ ಬಾಗಿಲು ಯಾವುದೂ ಕೂಡದು. ಬಹಳ ಕಡೆ ಎಲ್ಲ ಮಕ್ಕಳೂ ಒಂದೇ ಥರ ಪಿನ್ ಒತ್ತಿ ತಟ್ಟೆ ತಗೊಂಡು ಹೋಗುತ್ತಾರೆ. ನೀವು ಬರೆದದ್ದನ್ನು ಆ ಕೆಲಸಕ್ಕೆ ಬೇಕಾದವರು ಮಾತ್ರ ನೋಡಬಹುದು. ಅಕ್ರಮವಾಗಿ ಹೊರಗೆ ಬಿಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಎಂದು ಕಾನೂನಿನಲ್ಲೇ ಇದೆ.

ಆದರೂ ತಪ್ಪುಗಳು ಆಗುತ್ತವೆ. ನನ್ನ ಮಗಳಿಗೆ ಊಟದ ಸಾಲಿನಲ್ಲಿ ಒಬ್ಬರು "ನಿನ್ನದು ಫ್ರೀ, ಹೋಗು" ಎಂದು ಜೋರಾಗಿ ಹೇಳಿಬಿಟ್ಟರು. ಅವಳು ಎರಡು ದಿನ ಊಟಕ್ಕೇ ಹೋಗಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಶಾಲೆಗೆ ನಾಲ್ಕು ಸಾಲಿನ ಮೇಲ್ ಬರೆದೆ, ಕ್ಷಮೆ ಕೇಳಿದರು, ಮತ್ತೆ ಹಾಗಾಗಲಿಲ್ಲ. ನಿಮಗೆ ಹೀಗಾದರೆ ಸುಮ್ನೆ ಇರಬೇಡಿ.

ಅರ್ಹತೆಯ ಲೆಕ್ಕ ಹೀಗಿದೆ. ನಿಮ್ಮ ಮನೆಯ ಆದಾಯ ಸರ್ಕಾರದ ಬಡತನ ರೇಖೆಯ 130 ಪರ್ಸೆಂಟ್ ಒಳಗಿದ್ದರೆ ಊಟ ಉಚಿತ. 185 ಪರ್ಸೆಂಟ್ ಒಳಗಿದ್ದರೆ ರಿಯಾಯಿತಿ, ಆಗ ಮಧ್ಯಾಹ್ನದ ಊಟಕ್ಕೆ 40 ಸೆಂಟ್‌ಗಿಂತ ಜಾಸ್ತಿ ಕೇಳುವಂತಿಲ್ಲ. ತೆರಿಗೆ ಕಳೆಯುವ ಮುಂಚಿನ ಆದಾಯ ಬರೆಯಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ಈಗಿನ ಆದಾಯ ಸಾಕು, ಹೋದ ಕೆಲಸದ ಸಂಬಳ ಬೇಡ. ಸೋಶಿಯಲ್ ಸೆಕ್ಯುರಿಟಿ ನಂಬರ್ ಪೂರ್ತಿ ಕೇಳುವುದಿಲ್ಲ, ಮನೆಯ ಒಬ್ಬ ದೊಡ್ಡವರದು ಕೊನೆಯ ನಾಲ್ಕು ಅಂಕಿ ಅಷ್ಟೇ. ನಂಬರ್ ಇಲ್ಲದಿದ್ದರೆ 'ಇಲ್ಲ' ಎಂದು ಗುರುತು ಹಾಕಬಹುದು.

ಒಮ್ಮೆ ಒಪ್ಪಿಗೆ ಸಿಕ್ಕರೆ ಸಾಮಾನ್ಯವಾಗಿ ಆ ಶಾಲಾ ವರ್ಷಪೂರ್ತಿ ನಡೆಯುತ್ತದೆ. ನಡುವೆ ನಿಮಗೆ ಕೆಲಸ ಸಿಕ್ಕರೂ ಓಡಿಹೋಗಿ ತಿಳಿಸಬೇಕಾಗಿಲ್ಲ. ಕೆಲವು ಅರ್ಜಿಗಳನ್ನು ಆರಿಸಿ ಪರಿಶೀಲನೆ ಮಾಡುತ್ತಾರೆ, ಹಾಗಾಗಿ ಆದಾಯದ ಕಾಗದಪತ್ರ ಎತ್ತಿಟ್ಟುಕೊಳ್ಳಿ. ಪತ್ರ ಬಂದಾಗ ಉತ್ತರ ಕೊಡದಿದ್ದರೆ ಸೌಲಭ್ಯ ನಿಂತುಹೋಗುತ್ತದೆ.

ಫಾರ್ಮ್ ಕೊಟ್ಟ ಮೇಲೆ 10 ಶಾಲಾ ದಿನಗಳೊಳಗೆ ತೀರ್ಮಾನ ತಿಳಿಸಬೇಕು. ನಾಳೆಯೇ ಕೊಟ್ಟುಬಿಡಿ, ಅಲ್ವಾ?