ಸಿಲಿಂಡರ್ ಮಾರಾಟ ಸಾಕು, ತಪಾಸಣೆಗೆ ಇಳಿಯಲಾ?

ಪ್ರಶ್ನೆ: ನಮ್ಮದು ಬೆಂಕಿ ಆರಿಸುವ ಸಿಲಿಂಡರ್ ಮಾರುವ, ರೀಫಿಲ್ ಮಾಡುವ ಸಣ್ಣ ಸಂಸ್ಥೆ. ಕಟ್ಟಡಗಳ ಸುರಕ್ಷತಾ ತಪಾಸಣೆ ಶುರು ಮಾಡಿದರೆ ವ್ಯವಹಾರ ಬೆಳೆಯುತ್ತದಾ? ಮೊದಲಿಗೆ ಉಚಿತವಾಗಿ ಮಾಡಿಕೊಡಲಾ?

ಉತ್ತರ: ಬೆಳೆಯುತ್ತದೆ, ಆದರೆ ತಪಾಸಣೆ ಅಂದರೆ ಸಿಲಿಂಡರ್ ಎಣಿಸಿ ಹೊಸ ಚೀಟಿ ಅಂಟಿಸಿ ಬರುವುದಲ್ಲ. ಪ್ರೆಶರ್ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ ನೋಡಿ; ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಸಾಮಾನ್ಯವಾಗಿ ಗೇಜೇ ಇರುವುದಿಲ್ಲ, ತೂಗಿಯೇ ತಿಳಿಯಬೇಕು, ಹಾಗಾಗಿ ತಕ್ಕಡಿ ಜೊತೆಗಿರಲಿ. ಬೆಂಕಿ ಹೊತ್ತಿದಾಗ ಚಾವಣಿಯಿಂದ ನೀರು ಚಿಮ್ಮುವ ಸ್ಪ್ರಿಂಕ್ಲರ್ ಕೆಳಗೆ ಸುಮಾರು 45 ಸೆಂಟಿಮೀಟರ್ ಜಾಗ ಬಿಡಬೇಕಾದಲ್ಲಿ ರಟ್ಟಿನ ಪೆಟ್ಟಿಗೆ ಪೇರಿಸಿರುತ್ತಾರೆ, ಬೆಂಕಿ, ಹೊಗೆ ಹರಡದಂತೆ ತಾನಾಗಿ ಮುಚ್ಚಿಕೊಳ್ಳಬೇಕಾದ ಫೈರ್ ಡೋರಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿರುತ್ತಾರೆ. ಫೋಟೋ ತೆಗೆದು, ಯಾವ ಮಹಡಿ, ಯಾವ ಮೂಲೆ ಅಂತ ಬರೆದು ಕೊಡಿ. ಖರ್ಚಿಲ್ಲದೆ ಸರಿಹೋಗುವುದನ್ನು ಮೊದಲು ಹೇಳಿ, ನಂಬಿಕೆ ಬರುವುದೇ ಅಲ್ಲಿ.

ಉಚಿತ ಬೇಡ. ಸುಮ್ನೆ ಮಾಡಿಕೊಟ್ಟರೆ ಮಾಲು ಮಾರೋಕೆ ಬಂದಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ, ಅಲ್ವಾ? ಶುಲ್ಕ ತೆಗೆದುಕೊಳ್ಳಿ, ರಿಪೇರಿಗೆ ಬೇರೆಯವರ ದರವನ್ನೂ ಕೇಳಿ ನೋಡಿ ಅಂತ ನೀವೇ ಹೇಳಿ. ವರ್ಷವಿಡೀ ಕೆಲಸ ಕೊಡುವುದು ನಿರ್ವಹಣೆ ಒಪ್ಪಂದ, ಮಾತು ಅಲ್ಲಿಗೆ ಬರಲಿ. ಅಂದ ಹಾಗೆ, ಪ್ರಮಾಣಪತ್ರ ಕೊಡುವ ಅಧಿಕಾರ ನಿಮಗಿಲ್ಲದಿದ್ದರೆ ಅದನ್ನು ವರದಿಯ ಮೊದಲ ಪುಟದಲ್ಲೇ ಬರೆದುಬಿಡಿ.