ಕ್ರಿಸ್‌ಮಸ್ ದ್ವೀಪದ ಕಾಡು ಹಾವುರಾಣಿಯನ್ನು ಯಾಕೆ ಉಳಿಸಿಕೊಳ್ಳಲು ಆಗಲಿಲ್ಲ?

ರಾಷ್ಟ್ರೀಯ ಉದ್ಯಾನದೊಳಗೇ ಇದ್ದ ಪ್ರಾಣಿ ಅದು ಹೇಗೆ ಅಳಿದುಹೋಯಿತು, ಕಾಡು ಕಡಿದಿದ್ದಕ್ಕಾ ಅಂತ ಕೇಳಿದ್ದೀರಿ. ಇಲ್ಲ, ಅಲ್ಲಿನ ಕಾಡು ಬಹುಪಾಲು ಇವತ್ತಿಗೂ ನಿಂತಿದೆ. ಆಸ್ಟ್ರೇಲಿಯಾಕ್ಕೆ ಸೇರಿದ ಈ ಪುಟ್ಟ ದ್ವೀಪ ಜಾವಾದ ದಕ್ಷಿಣಕ್ಕಿದೆ. ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಉದ್ಯಾನವೇ. ಹಾವುರಾಣಿ ಮಾತ್ರ ಇಲ್ಲ.

ಬಾಲ ಸೇರಿ ಸುಮಾರು 20 ಸೆಂ.ಮೀ. ಉದ್ದ, ಕಡು ಕಂದು ಬಣ್ಣ, ನುಣುಪು ಮೈ. ಕಾಡಲ್ಲಿ ದೊಡ್ಡ ಮರ ಉರುಳಿದರೆ ಬಿಸಿಲು ನೆಲ ಮುಟ್ಟುತ್ತದಲ್ವಾ, ಅಂಥ ಕಡೆ ತರಗೆಲೆ ಮೇಲೆ ಮೈ ಕಾಯಿಸಿಕೊಳ್ಳುತ್ತಾ ಹುಳು ಹಿಡಿಯುತ್ತಿತ್ತು. 1979ರಲ್ಲೂ ಅದು ಅಲ್ಲಿ ಮಾಮೂಲಿ ಪ್ರಾಣಿ.

1987ರ ಹೊತ್ತಿಗೆ ತೋಳದ ಹಾವು ಅಲ್ಲಿ ಕಾಣಿಸಿಕೊಂಡಿತು, ಬಹುಶಃ ಹಡಗಿನ ಸರಕಿನ ಜೊತೆ ಬಂದದ್ದು. ಇದು ರಾತ್ರಿ ಓಡಾಡುವ ಹಾವು, ಹಲ್ಲಿಗಳೇ ಇದರ ಮುಖ್ಯ ಊಟ. ಹಲ್ಲಿ ಜಾತಿಗೇ ಸೇರಿದ ಹಾವುರಾಣಿ ಹಗಲಿನ ಜೀವಿ, ರಾತ್ರಿ ಮಲಗಿದಲ್ಲೇ ಸಿಕ್ಕಿಬೀಳುತ್ತದೆ. ಇಂಥ ಬೇಟೆಗಾರ ಆ ದ್ವೀಪದಲ್ಲಿ ಹಿಂದೆ ಇರಲೇ ಇಲ್ಲ, ಹಾಗಾಗಿ ತಪ್ಪಿಸಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಹೊರಗಿಂದ ಬಂದ ಹಳದಿ ಇರುವೆ, ದೈತ್ಯ ಶತಪದಿ, ಬೆಕ್ಕು, ಇಲಿಗಳ ಮೇಲೂ ಅನುಮಾನ ಇದೆ. ಆದರೆ ಜನವಸತಿಯ ಕಡೆಯಿಂದ ಶುರುವಾಗಿ ದ್ವೀಪದ ಆಚೆ ತುದಿವರೆಗೆ ಹಲ್ಲಿಗಳು ಒಂದೊಂದೇ ಕಡೆ ಖಾಲಿಯಾಗುತ್ತಾ ಹೋದ ರೀತಿ ನೋಡಿದರೆ ನನಗೆ ಹಾವೇ ಮೊದಲ ಕಾರಣ ಅನ್ನಿಸುತ್ತದೆ.

ಈಗ ನಿಜವಾದ ಸಂಕಟ. 2009ರಲ್ಲಿ ಅಲ್ಲಿನ ಹಲ್ಲಿಗಳನ್ನು ಹಿಡಿದು ಸಾಕಿ ಮರಿ ಮಾಡಿಸುವ ಕೆಲಸ ಶುರುವಾಯಿತು. ಅಲ್ಲಿನ ಇನ್ನೊಂದು ಜಾತಿಯಾದ ನೀಲಿ ಬಾಲದ ಹಾವುರಾಣಿ 66 ಸಿಕ್ಕವು, ಲಿಸ್ಟರ್ಸ್ ಗೆಕ್ಕೊ ಎಂಬ ಹಲ್ಲಿ 43 ಸಿಕ್ಕವು. ಕಾಡು ಹಾವುರಾಣಿ ಸಿಕ್ಕಿದ್ದು ಮೂರೇ. ಮೂರೂ ಹೆಣ್ಣು! ಎಷ್ಟು ಹುಡುಕಿದರೂ ಒಂದು ಗಂಡು ಸಿಗಲಿಲ್ಲ. ಎರಡು ಸತ್ತ ಮೇಲೆ ಉಳಿದದ್ದು ಗಂಪ್ ಅಂತ ಹೆಸರಿಟ್ಟಿದ್ದ ಒಂದೇ ಒಂದು. ಅದೂ 2014ರ ಮೇ 31ರಂದು ಸತ್ತಿತು. 2017ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಈ ಪ್ರಭೇದ ಅಳಿದಿದೆ ಎಂದು ಪ್ರಕಟಿಸಿತು.

ದುಡ್ಡಿಲ್ಲದೆಯೋ ಜ್ಞಾನವಿಲ್ಲದೆಯೋ ಹೋದ ಜೀವ ಇದಲ್ಲ ಅಂತ ನಾನು ಹೇಳುತ್ತೇನೆ. ಅದೇ ಜನ, ಅದೇ ಪಂಜರಗಳಲ್ಲಿ, ಉಳಿದೆರಡು ಜಾತಿಗಳನ್ನು ನೂರಾರು ಮಾಡಿ ತೋರಿಸಿದರು. ಇನ್ನೂ ಸಾಕಷ್ಟು ಕಾಣುತ್ತಿದ್ದಾಗಲೇ ಹತ್ತಿಪ್ಪತ್ತನ್ನು ಹಿಡಿದಿಟ್ಟಿದ್ದರೆ ಇದೂ ಉಳಿಯುತ್ತಿತ್ತೇನೋ. 'ಇನ್ನೂ ಇವೆಯಲ್ಲ' ಅನ್ನುವ ಹೊತ್ತೇ ಹಿಡಿಯಬೇಕಾದ ಹೊತ್ತು.

ನೀಲಿ ಬಾಲದವನ್ನು 2019ರಲ್ಲಿ ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳಲ್ಲಿ ಒಂದು ಚಿಕ್ಕ ದ್ವೀಪಕ್ಕೆ ಬಿಟ್ಟಿದ್ದಾರೆ, ಯಾಕೆಂದರೆ ಅಲ್ಲಿ ಈ ಹಾವಿಲ್ಲ. ತವರಿನ ಕಾಡಿಗೆ ಬಿಡುವ ಹಾಗಿಲ್ಲ, ಅಲ್ಲಿ ಹಾವು ಇನ್ನೂ ಇದೆ.