1986ರ 'ಸ್ಟಾರ್ಮ್ಸ್ ಆಫ್ ಲೈಫ್' ಆಲ್ಬಮ್ ಹಳೆಯ ಶೈಲಿಯದಾಗಿದ್ದರೂ ಅಮೆರಿಕದ ಗ್ರಾಮೀಣ ಮೂಲದ ಕಂಟ್ರಿ ಸಂಗೀತದ ಕೇಳುಗರಿಗೆ ಏಕೆ ಅಷ್ಟು ಹಿಡಿಸಿತು?

ರ‍್ಯಾಂಡಿ ಟ್ರ್ಯಾವಿಸ್ ಎಂಬ ಗಾಯಕರ ಈ ಆಲ್ಬಮ್‌ನಲ್ಲಿ ಹಾಡಿನ ಮಾತು ಮತ್ತು ಅದರ ಹಿಂದಿನ ದುಃಖ ಯಾವ ಅಡ್ಡಿಯೂ ಇಲ್ಲದೆ ಕಿವಿಗೆ ತಲುಪುವುದೇ ಮುಖ್ಯ ಕಾರಣ. 1980ರ 'ಅರ್ಬನ್ ಕೌಬಾಯ್' ಚಲನಚಿತ್ರದ ನಂತರ ಅಮೆರಿಕದ ಕಂಟ್ರಿ ಸಂಗೀತ ಬಹುಮಟ್ಟಿಗೆ ಪಾಪ್ ಸಂಗೀತದತ್ತ ವಾಲಿತ್ತು. ಅಂಥ ಹೊತ್ತಿನಲ್ಲಿ ಟ್ರ್ಯಾವಿಸ್ ಅವರ ತಗ್ಗು ಸ್ಥಾಯಿಯ ಕಂಠ, ಪಿಟೀಲು ಮತ್ತು ಪೆಡಲ್ ಸ್ಟೀಲ್ ಗಿಟಾರ್‌ಗಳು ಬೇರೆಯಾಗಿಯೇ ಕೇಳಿಸಿದವು.

ಈ ಪರಿಣಾಮದ ಗುಟ್ಟು ಬಹುಪಾಲು ಪೆಡಲ್ ಸ್ಟೀಲ್‌ನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮೇಜಿನಂತೆ ಅಡ್ಡಲಾಗಿ ನಿಲ್ಲಿಸಿದ ಈ ವಾದ್ಯದಲ್ಲಿ ವಾದಕರು ತಂತಿಗಳ ಮೇಲೆ ಲೋಹದ ತುಂಡೊಂದನ್ನು ಜಾರಿಸುತ್ತಾರೆ. ಕಾಲಿನಿಂದ ಪೆಡಲ್ ಒತ್ತಿದಾಗ ಆಯ್ದ ತಂತಿಗಳ ಶ್ರುತಿ ಮಾತ್ರ ಬದಲಾಗಿ ಉಳಿದವು ಇದ್ದಲ್ಲೇ ಇರುತ್ತವೆ. ಒಂದು ಸ್ವರ ನಿಂತಿರುವಾಗಲೇ ಇನ್ನೊಂದು ಅದರತ್ತ ಜಾರಿ ಬರುವ ಈ ನಾದ ಗದ್ಗದ ಕಂಠವನ್ನು ನೆನಪಿಸುತ್ತದೆ (ನಮ್ಮ ವೀಣೆಯ ಜಾರು ಗಮಕವನ್ನು ಬಲ್ಲವರಿಗೆ ಇದು ತೀರಾ ಅಪರಿಚಿತವೆನಿಸದು). ಹಾಡುಗಾರ ಸಾಲು ಮುಗಿಸಿದ ಬಿಡುವಿನಲ್ಲಿ ಇದು ಉತ್ತರದಂತೆ ಬರುವುದರಿಂದ ಮಾತು ಮುಚ್ಚಿಹೋಗುವುದಿಲ್ಲ.

ಮೆಚ್ಚುಗೆ ಒಮ್ಮೆಲೇ ಬಂದದ್ದೇನೂ ಅಲ್ಲ. ಮೋಹಕ್ಕೆ ಸಿಲುಕಿದ ವಿವಾಹಿತನೊಬ್ಬ ತನ್ನ ಬೆರಳಿನ ಉಂಗುರವನ್ನು ನೆನೆದು ಹಿಂಜರಿಯುವ ಈ ಆಲ್ಬಮ್‌ನ 'ಆನ್ ದಿ ಅದರ್ ಹ್ಯಾಂಡ್' ಹಾಡು 1985ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ 67ನೇ ಸ್ಥಾನವನ್ನಷ್ಟೇ ತಲುಪಿತ್ತು. 1986ರಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿದಾಗ ಮೊದಲ ಸ್ಥಾನಕ್ಕೇರಿತು.